ಹಿಮ ಬೀಳುವ ಊರಿನಲ್ಲಿ ಜಗಲಿಗೆ ಯಾವ ನೆಲ ಹಾಕಿಸಬೇಕು?

ಅಮೆರಿಕದ ಮಿನೆಸೋಟದಲ್ಲಿ ಮನೆ ಕೊಂಡ ಮೊದಲ ಬೇಸಿಗೆಯಲ್ಲೇ ನಾವು ಮುಂಬಾಗಿಲ ಜಗಲಿಗೆ ಕೆಂಪು ಮಣ್ಣಿನ ಟೈಲ್ಸ್ ಹಾಕಿಸಿದೆವು. ಸಾಗರದ ಅಜ್ಜಿಮನೆಯ ಜಗಲಿಯ ಬಣ್ಣ ಅದರಲ್ಲಿ ಕಂಡಿತ್ತು. ಅಂಗಡಿಯವರು "ಹೊರಗಡೆಗೂ ಧಾರಾಳವಾಗಿ ಆಗುತ್ತೆ" ಅಂದಿದ್ದರು. ಡಿಸೆಂಬರ್ ಕಳೆಯಿತು, ಜನವರಿ ಕಳೆಯಿತು, ಮೈನಸ್ 25 ಡಿಗ್ರಿಯಲ್ಲೂ ಟೈಲ್ಸ್ ಗಟ್ಟಿಯಾಗಿಯೇ ಇದ್ದವು. ಮಾರ್ಚ್ ಎರಡನೇ ವಾರ ಸಲಿಕೆಯಲ್ಲಿ ಹಿಮ ಎತ್ತುವಾಗ ಮೂಲೆಯ ಟೈಲೊಂದರ ಮೇಲ್ಪದರ ಹಪ್ಪಳದ ಹಾಗೆ ಎದ್ದು ಸಲಿಕೆಯ ಜೊತೆಗೇ ಬಂತು. ಏಪ್ರಿಲ್ ಮುಗಿಯುವಷ್ಟರಲ್ಲಿ ಅರ್ಧ ಜಗಲಿ ಕೆಂಪು ಪುಡಿಯಾಗಿತ್ತು.

ಆಮೇಲೆ ಅದೇ ಜಗಲಿಯನ್ನು ಎರಡನೇ ಸಲ ಮಾಡಿಸಿದೆವು. ಗೆಳೆಯರ ಮನೆಗಳ ಜಗಲಿ ಕೆಲಸದಲ್ಲೂ ಜೊತೆಗೆ ನಿಂತಿದ್ದೇನೆ. ಮಿನಿಯಾಪೊಲಿಸ್, ಶಿಕಾಗೊ, ಟೊರಾಂಟೊ ಕಡೆ ಮನೆ ಮಾಡಿರುವ ನಮ್ಮವರು ಫೋನ್ ಮಾಡಿ ಕೇಳಿದಾಗಲೆಲ್ಲ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಒಡೆಯುವುದು ಯಾಕೆ

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟು, ಟೈಲು, ಇವೆಲ್ಲದರಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಆ ರಂಧ್ರಗಳು ನೀರಿನಿಂದ ತುಂಬಿದ್ದಾಗ ಹೆಪ್ಪುಗಟ್ಟಿದರೆ ಹಿಗ್ಗಲು ಜಾಗವಿಲ್ಲದೆ ಒಳಗಿನಿಂದ ಒತ್ತಡ ಬೀಳುತ್ತದೆ. ಒಂದು ಸಲದ ಒತ್ತಡ ಏನೂ ಮಾಡದಿರಬಹುದು. ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಹಗಲು ಕರಗಿದಾಗ ಆ ಬಿರುಕಿಗೂ ನೀರು ಇಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ.

ಹಾಗಾಗಿ ಹೆದರಬೇಕಾದ ತಿಂಗಳು ಜನವರಿ ಅಲ್ಲವೇ ಅಲ್ಲ. ಜನವರಿಯಲ್ಲಿ ಎಲ್ಲವೂ ಹೆಪ್ಪುಗಟ್ಟಿ ಹಾಗೇ ಇರುತ್ತದೆ. ಹಗಲು 4 ಡಿಗ್ರಿ, ರಾತ್ರಿ ಮೈನಸ್ 6 ಆಗುವ ನವೆಂಬರ್ ಮತ್ತು ಮಾರ್ಚ್ ತಿಂಗಳುಗಳೇ ಜಗಲಿಯನ್ನು ತಿನ್ನುವುದು. ಅಂಗಡಿಯಲ್ಲಿ "ಇದು ಚಳಿ ತಡೆಯುತ್ತದೆಯೇ" ಎಂದು ಕೇಳಬೇಡಿ. ಇದು ಎಷ್ಟು ನೀರು ಕುಡಿಯುತ್ತದೆ, ಕುಡಿಯದ ನೀರು ಎಲ್ಲಿಗೆ ಹರಿದುಹೋಗುತ್ತದೆ ಎಂದು ಕೇಳಿ. ಮುಂದಿನ ಪ್ರತಿ ಹೆಜ್ಜೆಯೂ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಹೆಜ್ಜೆ 1: ನಿಮ್ಮ ಜಗಲಿ ಎಂಥದು ಎಂದು ನೋಡಿಕೊಳ್ಳಿ

ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಮೊದಲನೆಯದು, ಅದು ನೆಲದ ಮೇಲೆ ಕೂತ ಕಾಂಕ್ರೀಟ್ ಹಾಸೋ, ಅಥವಾ ಕಂಬ ಮತ್ತು ತೊಲೆಗಳ ಮೇಲೆ ನಿಂತ ಮರದ ಚೌಕಟ್ಟೋ. ಮರದ ಚೌಕಟ್ಟು ಕಾಲಿಟ್ಟರೆ ತುಸು ಬಾಗುತ್ತದೆ, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಕಲ್ಲು ಅಥವಾ ಟೈಲನ್ನು ಅಂಟಿಸುವ ಯೋಚನೆಯನ್ನು ಇಲ್ಲಿಯೇ ಬಿಟ್ಟುಬಿಡಿ.

ಎರಡನೆಯದು, ಮೇಲೆ ಸೂರು ಇದೆಯೇ? ಸೂರಿದ್ದರೆ ಅರ್ಧ ಕಷ್ಟ ಕಳೆದ ಹಾಗೆ. ಆದರೂ ಗಾಳಿಗೆ ಹಿಮ ಒಳಗೆ ನುಗ್ಗುತ್ತದೆ, ಐಸ್ ಕರಗಿಸಲು ದಾರಿಗೆ ಎರಚಿದ ಉಪ್ಪಿನ ನೀರು ಬೂಟಿನ ಜೊತೆ ಬರುತ್ತದೆ. ಸೂರಿನ ಅಂಚಿಗೆ ನೀರಿನ ದೋಣಿ ಇಲ್ಲದಿದ್ದರೆ ಹನಿ ಬೀಳುವ ಗೆರೆಯುದ್ದಕ್ಕೂ ನೆಲ ಮೊದಲು ಹಾಳಾಗುತ್ತದೆ. ಹೊಸ ನೆಲಕ್ಕೆ ದುಡ್ಡು ಹಾಕುವ ಮೊದಲು ದೋಣಿ ಸರಿಮಾಡಿಸಿ.

ಮೂರನೆಯದು ದಿಕ್ಕು. ಉತ್ತರಕ್ಕೆ ಮುಖ ಮಾಡಿದ ಜಗಲಿಯಲ್ಲಿ ಒಮ್ಮೆ ಕಟ್ಟಿದ ಐಸ್ ವಾರಗಟ್ಟಲೆ ಕರಗುವುದಿಲ್ಲ, ಅಲ್ಲಿ ಜಾರದಿರುವುದು ಮುಖ್ಯ. ದಕ್ಷಿಣದ ಜಗಲಿಗೆ ಬಿಸಿಲು ಬಿದ್ದು ದಿನಕ್ಕೊಮ್ಮೆ ಕರಗಿ ಹೆಪ್ಪುಗಟ್ಟುತ್ತದೆ. ಅಲ್ಲಿ ನೀರು ಕುಡಿಯದ ವಸ್ತುವೇ ಬೇಕು.

ಹೆಜ್ಜೆ 2: ಅಡಿಪಾಯ ಮತ್ತು ವಾಟ

ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರೂ ಹೆಪ್ಪುಗಟ್ಟಿ ಇಡೀ ನೆಲವನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೇ ಮಿನೆಸೋಟದ ಕಟ್ಟಡ ನಿಯಮದಲ್ಲಿ ಅಡಿಪಾಯ ಎಷ್ಟು ಆಳ ಇರಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ: ಮಿನಿಯಾಪೊಲಿಸ್ ಸೇರಿದ ದಕ್ಷಿಣ ಭಾಗಕ್ಕೆ 42 ಇಂಚು, ಉತ್ತರ ಭಾಗಕ್ಕೆ 60 ಇಂಚು. ಇದಕ್ಕಿಂತ ಮೇಲೆ ನಿಂತ ಕಂಬದ ಜಗಲಿ ಚಳಿಗಾಲಕ್ಕೊಮ್ಮೆ ಏಳುತ್ತದೆ, ಬೇಸಿಗೆಗೊಮ್ಮೆ ಇಳಿಯುತ್ತದೆ. ಮೇಲೆ ಏನು ಹಾಕಿದರೂ ಬಿರುಕು ಖಚಿತ. ಹಳೆಯ ಜಗಲಿ ಮನೆಯ ಗೋಡೆಯಿಂದ ಬೇರ್ಪಟ್ಟು ಸಂದು ಬಿಟ್ಟಿದ್ದರೆ ಮೊದಲು ಅಡಿಪಾಯದ ಚಿಕಿತ್ಸೆ ಆಗಬೇಕು. ಅಮೆರಿಕದಲ್ಲಿ ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಿದರೆ ನೆಲದೊಳಗಿನ ಗ್ಯಾಸ್ ಪೈಪು, ವಿದ್ಯುತ್ ತಂತಿಗಳನ್ನು ಬಂದು ಗುರುತು ಮಾಡಿಕೊಡುತ್ತಾರೆ. ಈ ಕೆಲಸಕ್ಕೆ ದುಡ್ಡಿಲ್ಲ.

ಇನ್ನು ವಾಟ. ನಮ್ಮೂರ ಗಾರೆ ಮೇಸ್ತ್ರಿಗಳು ಬಚ್ಚಲಿಗೆ, ತಾರಸಿಗೆ ವಾಟ ಕೊಡುತ್ತಾರಲ್ಲ, ಅದೇ ಇಳಿಜಾರು ಇಲ್ಲಿ ಜಗಲಿಗೆ ಬೇಕು. ಗೋಡೆಯಿಂದ ಹೊರಕ್ಕೆ ಒಂದು ಅಡಿಗೆ ಕಾಲು ಇಂಚು, ಅಂದರೆ ಸುಮಾರು ಶೇ. 2. ಎಂಟು ಅಡಿ ಅಗಲದ ಜಗಲಿಯಲ್ಲಿ ಹೊರ ಅಂಚು ಎರಡು ಇಂಚು ತಗ್ಗಿರಬೇಕು. ನೋಡುವುದು ಸುಲಭ: ನಾಲ್ಕು ಅಡಿಯ ರಸಮಟ್ಟವನ್ನು ಗೋಡೆಯಿಂದ ಹೊರಮುಖವಾಗಿ ನೆಲದ ಮೇಲೆ ಇಟ್ಟು ಹೊರತುದಿಯನ್ನು ಎತ್ತುತ್ತಾ ಹೋಗಿ. ಗುಳ್ಳೆ ನಡುವಿಗೆ ಬಂದಾಗ ಆ ತುದಿಯ ಅಡಿಯಲ್ಲಿ ಒಂದು ಇಂಚು ಸಂದು ಇರಬೇಕು. ಅದಾದ ಮೇಲೆ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನಮ್ಮ ಜಗಲಿಯಲ್ಲಿ ಮೊದಲು ಒಡೆದ ಟೈಲುಗಳಿದ್ದದ್ದು ಸರಿಯಾಗಿ ಆ ಗೆರೆಯೊಳಗೆ.

ಹೆಜ್ಜೆ 3: ವಸ್ತುಗಳನ್ನು ಒಂದೊಂದಾಗಿ ತೂಗಿ ನೋಡುವುದು

ಕಾಂಕ್ರೀಟು. ನೆಲದ ಮೇಲಿನ ಜಗಲಿಗೆ ನನ್ನ ಮೊದಲ ಆಯ್ಕೆ ಇದೇ. ನೋಡಲು ಸಪ್ಪೆ ಎನ್ನುವವರಿದ್ದಾರೆ, ಆದರೆ ಸರಿಯಾಗಿ ಸುರಿದ ಕಾಂಕ್ರೀಟು ದಶಕಗಟ್ಟಲೆ ಬಾಳುತ್ತದೆ. "ಸರಿಯಾಗಿ" ಎನ್ನುವುದರಲ್ಲೇ ಎಲ್ಲ ಇದೆ. ಚಳಿನಾಡಿನ ಕಾಂಕ್ರೀಟಿಗೆ ಕಲಸುವಾಗಲೇ ಒಂದು ರಾಸಾಯನಿಕ ಬೆರೆಸಿ ಸಣ್ಣಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸುತ್ತಾರೆ. ಕಾಯಿಸುವ ಹಾಲಿಗೆ ಪಾತ್ರೆಯಲ್ಲಿ ಮೇಲೆ ಜಾಗ ಬಿಡುತ್ತೇವಲ್ಲ, ಹಾಗೆ ಹೆಪ್ಪುಗಟ್ಟುವ ನೀರಿಗೆ ಹಿಗ್ಗಲು ಈ ಗುಳ್ಳೆಗಳು ಜಾಗ ಕೊಡುತ್ತವೆ. ಅಮೆರಿಕದ ವಸತಿ ಕಟ್ಟಡ ಸಂಹಿತೆ ತೀವ್ರ ಚಳಿಯ ಪ್ರದೇಶದ ಜಗಲಿ, ಮೆಟ್ಟಿಲುಗಳಿಗೆ ಕನಿಷ್ಠ 3,500 ಪಿಎಸ್‌ಐ (ಪ್ರತಿ ಚದರ ಇಂಚಿಗೆ ತಡೆಯುವ ಒತ್ತಡ, ಪೌಂಡುಗಳಲ್ಲಿ) ಬಲ ಮತ್ತು ಶೇ. 5ರಿಂದ 7ರಷ್ಟು ಗಾಳಿ ಬೇಕೆನ್ನುತ್ತದೆ. ಉಪ್ಪು ಬೀಳುವ ಜಾಗ ಎಂದು ನಾವು 4,500 ಪಿಎಸ್‌ಐ ಹಾಕಿಸಿದೆವು. ಸಣ್ಣ ಜಗಲಿಯಲ್ಲಿ ಖರ್ಚಿನ ವ್ಯತ್ಯಾಸ ದೊಡ್ಡದಲ್ಲ.

ಲಾರಿ ಬಂದ ದಿನ ಮನೆಯಲ್ಲಿ ಇರಿ. ಚಾಲಕನ ಕೈಯ ರಸೀದಿಯಲ್ಲಿ ಬಲ, ಗಾಳಿಯ ಪ್ರಮಾಣ ಬರೆದಿರುತ್ತದೆ, ಓದಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಾಂಕ್ರೀಟು ಗಟ್ಟಿಯೆನಿಸಿದರೆ ಕೆಲಸಗಾರರು ಪೈಪಿನಿಂದ ನೀರು ಸೇರಿಸಲು ನೋಡುತ್ತಾರೆ. ಬಿಡಬೇಡಿ, ಹೆಚ್ಚಿನ ನೀರು ಆವಿಯಾದ ಮೇಲೆ ಅಷ್ಟೂ ರಂಧ್ರವಾಗಿ ಉಳಿಯುತ್ತದೆ. ಮಟ್ಟ ಮಾಡಿದ ಮೇಲೆ ಮೇಲ್ಮೈಗೆ ತೆಳುವಾಗಿ ನೀರು ಒಸರುತ್ತದೆ. ಅದು ಆರುವ ಮೊದಲೇ ಕರಣೆ ಆಡಿಸಿದರೆ ಆ ನೀರು ಮೇಲ್ಪದರದಲ್ಲೇ ಸೇರಿಕೊಂಡು ಮೊದಲ ಚಳಿಗಾಲಕ್ಕೇ ಚಕ್ಕೆ ಏಳುತ್ತದೆ. ಉಕ್ಕಿನ ಕರಣೆಯಲ್ಲಿ ಕನ್ನಡಿಯಂತೆ ನುಣುಪು ಮಾಡಿಸುವುದೂ ಬೇಡ. ಕೊನೆಗೆ ಪೊರಕೆ ಎಳೆದ ಗೆರೆಗಳೇ ಸಾಕು, ಕಾಲಿಗೆ ಹಿಡಿತ ಸಿಗುತ್ತದೆ. ಏಳು ದಿನವಾದರೂ ತೇವ ಇಟ್ಟು ಆಮೇಲೆ ಒಣಗಲು ಬಿಡಿ. ಹೆಪ್ಪುಗಟ್ಟುವ ರಾತ್ರಿಗಳು ಶುರುವಾಗುವುದಕ್ಕೆ ಒಂದು ತಿಂಗಳು ಮುಂಚೆಯೇ ಈ ಕೆಲಸ ಮುಗಿದಿರಬೇಕು. ನಮ್ಮ ಕಡೆ ಸೆಪ್ಟೆಂಬರ್ ಮಧ್ಯ ದಾಟಿಸಬಾರದು.

ಮರ. ಮಧ್ಯ-ಪಶ್ಚಿಮ ಅಮೆರಿಕದ ನೂರು ವರ್ಷದ ಮನೆಗಳ ಮುಂದೆ ಬಣ್ಣ ಬಳಿದ ಮರದ ಜಗಲಿಗಳು ಇನ್ನೂ ನಿಂತಿವೆ. ಅವುಗಳಲ್ಲಿ ಬಹುಪಾಲು ಒಂದಕ್ಕೊಂದು ಕಚ್ಚಿ ಕೂರುವ ಡಗ್ಲಸ್ ಫರ್ ಹಲಗೆಗಳು. ಸೂರಿರುವ ಜಗಲಿಗೆ ಮಾತ್ರ ಈ ಬಗೆ. ಹಲಗೆಗಳನ್ನು ಗೋಡೆಯಿಂದ ಹೊರಮುಖವಾಗಿ ಕೂರಿಸಿ, ಆಗ ನೀರು ಸಂದಿನುದ್ದಕ್ಕೂ ಹರಿದುಹೋಗುತ್ತದೆ. ಮೊಳೆ ಹೊಡೆಯುವ ಮುನ್ನ ಮೇಲೆ, ಕೆಳಗೆ, ಎರಡೂ ಬದಿ, ಎರಡೂ ತುದಿ, ಹೀಗೆ ಆರು ಮೈಗೂ ಪ್ರೈಮರ್ ಬಳಿಯಬೇಕು. ಮರದ ಕತ್ತರಿಸಿದ ತುದಿ ಹುಲ್ಲಿನ ಕೊಳವೆಗಳ ಕಟ್ಟಿನಂತೆ ನೀರು ಎಳೆಯುತ್ತದೆ. ಕೊಳೆಯುವುದು ಅಲ್ಲಿಂದಲೇ. ಸೂರಿಲ್ಲದ ಕಡೆ ಸೀಡರ್ ಅಥವಾ ಔಷಧ ಹೊಡೆದ ಪೈನ್ ಹಲಗೆಗಳನ್ನು ನೀರು ಇಳಿಯುವಂತೆ ಸಂದು ಬಿಟ್ಟು ಹಾಕಿಸಿ. ಈಗಿನ ಪೈನಿಗೆ ಹಾಕುವ ತಾಮ್ರದ ಔಷಧ ಮಾಮೂಲಿ ಮೊಳೆಯನ್ನು ತಿಂದುಹಾಕುತ್ತದೆ. ಸತುವಿನ ದಪ್ಪ ಲೇಪದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಬೇಕು. ಬಿಸಿಲು, ಮಳೆಗೆ ಒಡ್ಡಿದ ಹಲಗೆಗೆ ಪೇಂಟ್ ಬಳಿದರೆ ಸಿಪ್ಪೆ ಏಳುತ್ತದೆ, ಒಳಗೆ ಇಳಿಯುವ ಸ್ಟೇನ್ ಹಾಕಿದರೆ ಮತ್ತೆ ಬಳಿಯುವುದೂ ಸುಲಭ. ಎರಡು ಮೂರು ವರ್ಷಕ್ಕೊಮ್ಮೆ ಈ ಕೆಲಸಕ್ಕೆ ಒಂದು ವಾರಾಂತ್ಯ ಇಡಲಾಗದವರು ಮರದ ಆಸೆ ಬಿಡುವುದು ಒಳ್ಳೆಯದು.

ಕಾಂಪೊಸಿಟ್ ಮತ್ತು ಪಿವಿಸಿ ಹಲಗೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು ಕಾಂಪೊಸಿಟ್, ಬರೀ ಪ್ಲಾಸ್ಟಿಕ್ಕಿನದು ಪಿವಿಸಿ. ಎರಡಕ್ಕೂ ಬಣ್ಣ ಬೇಡ, ಕೊಳೆಯುವ ಭಯವೂ ಕಡಿಮೆ. ಮರದ ಚೌಕಟ್ಟಿನ ತೆರೆದ ಜಗಲಿಗೆ, ಕೆಲಸಕ್ಕೆ ಹೋಗುವ ಗಂಡಹೆಂಡಿರ ಮನೆಗೆ, ನಾನು ಹೇಳುವುದು ಇದನ್ನೇ. ಗಮನಿಸಬೇಕಾದದ್ದು ಹಿಗ್ಗು-ಕುಗ್ಗು. 16 ಅಡಿಯ ಹಲಗೆ ಜುಲೈ ಮಧ್ಯಾಹ್ನಕ್ಕೂ ಜನವರಿ ರಾತ್ರಿಗೂ ನಡುವೆ ಕಾಲು ಇಂಚಿಗಿಂತ ಹೆಚ್ಚು ಉದ್ದ ಬದಲಿಸುತ್ತದೆ, ಪಿವಿಸಿ ಇನ್ನೂ ಹೆಚ್ಚು. ಹಾಕುವ ದಿನದ ತಾಪಮಾನಕ್ಕೆ ತುದಿಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ತಯಾರಕರ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ, ಬಡಗಿಯ ಜೊತೆ ಕೂತು ಅದನ್ನು ಓದಿ. ಗಾಢ ಬಣ್ಣ ಆರಿಸಬೇಡಿ. ಬೇಸಿಗೆಯಲ್ಲಿ ಬರಿಗಾಲಲ್ಲಿ ಹೊರಬರುವ ನಮ್ಮಂಥವರಿಗೆ ಅದು ಕಾದ ಕಾವಲಿ.

ಕಲ್ಲು. ಗ್ರಾನೈಟು ಚಳಿನಾಡಿಗೆ ಹೇಳಿ ಮಾಡಿಸಿದ ಕಲ್ಲು. ಕಟ್ಟಡದ ಗ್ರಾನೈಟು ಹೀರುವ ನೀರಿಗೆ ಅಮೆರಿಕದ ಮಾನದಂಡ ಇಟ್ಟ ಮಿತಿ ತೂಕದ ಶೇ. 0.4 ಮಾತ್ರ. ಮಿನೆಸೋಟದ ಸೇಂಟ್ ಕ್ಲೌಡ್ ಸುತ್ತಮುತ್ತ ಗಣಿಗಳಿವೆ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟು ಕೂಡ ಇದೇ ಗಟ್ಟಿ ಜಾತಿಯದು. ಆದರೆ ಬೆಂಗಳೂರಿನ ಮನೆಗಳ ಮೆಟ್ಟಿಲಿಗೆ ಹಾಕುವ ಹೊಳಪಿನ ಗ್ರಾನೈಟು ಇಲ್ಲಿ ಬೇಡವೇ ಬೇಡ. ಅದರ ಮೇಲೆ ತೆಳುವಾಗಿ ಐಸ್ ಕಟ್ಟಿದರೆ ಕಾಣುವುದೂ ಇಲ್ಲ, ನಿಲ್ಲುವುದೂ ಆಗುವುದಿಲ್ಲ. ಬೆಂಕಿಯ ಜ್ವಾಲೆಯಲ್ಲಿ ಒರಟು ಮಾಡಿದ ಮೇಲ್ಮೈಯನ್ನೇ ಕೇಳಿ. ಸುಣ್ಣದ ಕಲ್ಲು, ಮರಳುಗಲ್ಲುಗಳ ಗುಣ ಗಣಿಯಿಂದ ಗಣಿಗೆ ಬದಲಾಗುತ್ತದೆ. ಹೀರುವ ಪ್ರಮಾಣ ಬರೆದುಕೊಡದ ವ್ಯಾಪಾರಿಯಿಂದ ಇವನ್ನು ಕೊಳ್ಳಬೇಡಿ. ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಕಲಬುರಗಿಯ ಬಿಸಿಲಿಗೆ ಅದಕ್ಕಿಂತ ತಂಪಾದದ್ದಿಲ್ಲ, ಹಿಮ ಮತ್ತು ಉಪ್ಪು ಎರಡೂ ಬೀಳುವ ಕಡೆಗೆ ನಾನು ಅದನ್ನು ತರುವುದಿಲ್ಲ.

ಟೈಲ್ಸ್. ಪೋರ್ಸಲಿನ್ ಎಂಬ ಹೆಸರು ಪಡೆಯಲು ಟೈಲು ಹೀರುವ ನೀರು ಶೇ. 0.5 ಮೀರಬಾರದು. ಅಂಥ ಟೈಲು ಹಿಮಕ್ಕೆ ಒಡೆಯುವುದಿಲ್ಲ. ಆದರೂ ಅಂಟಿಸಿದ ಪೋರ್ಸಲಿನ್ ಜಗಲಿಗಳು ಎದ್ದು ಬಂದದ್ದನ್ನು ನೋಡಿದ್ದೇನೆ. ನೀರು ಟೈಲಿನೊಳಗೆ ಹೋಗದಿದ್ದರೂ ಸಂದಿನಲ್ಲಿ ಇಳಿದು ಟೈಲಿನ ಅಡಿಯ ಟೊಳ್ಳಿನಲ್ಲಿ ನಿಲ್ಲುತ್ತದೆ, ಅಲ್ಲಿ ಹೆಪ್ಪುಗಟ್ಟಿ ಮೇಲಕ್ಕೆ ಒತ್ತುತ್ತದೆ. ಹೊರಗಡೆಯ ಕೆಲಸದಲ್ಲಿ ಟೈಲಿನ ಬೆನ್ನಿನ ಶೇ. 95 ಭಾಗಕ್ಕೆ ಅಂಟು ಹಿಡಿದಿರಬೇಕು. ಕೆಲಸ ನಡೆಯುವಾಗ ಆಗಷ್ಟೇ ಕೂರಿಸಿದ ಒಂದು ಟೈಲನ್ನು ಎತ್ತಿಸಿ ಬೆನ್ನು ನೋಡಿ. ಐದು ಮುದ್ದೆ ಅಂಟು ಹಚ್ಚಿ ಕೂರಿಸುತ್ತಿದ್ದರೆ ಕೆಲಸ ನಿಲ್ಲಿಸಿ. ಸೂರಿಲ್ಲದ ಜಗಲಿಗೆ ನನ್ನ ಸಲಹೆ, ಅಂಟಿಸುವ ಟೈಲು ಬೇಡ. 20 ಮಿಲಿಮೀಟರ್ ದಪ್ಪದ ಪೋರ್ಸಲಿನ್ ಹಾಸುಗಳು ಬರುತ್ತವೆ. ಜಲ್ಲಿಯ ಮೇಲೆ ಅಥವಾ ಕಾಂಕ್ರೀಟಿನ ಮೇಲಿಟ್ಟ ಪ್ಲಾಸ್ಟಿಕ್ ಪೀಠಗಳ ಮೇಲೆ ಸುಮ್ಮನೆ ಕೂರಿಸುವುದು. ನೀರು ಸಂದಿನಲ್ಲಿ ಇಳಿದು ಅಡಿಯಲ್ಲಿ ಹರಿದುಹೋಗುತ್ತದೆ.

ಇಟ್ಟಿಗೆ ಮತ್ತು ಪೇವರ್. ಹಳೆ ಕಟ್ಟಡ ಒಡೆದ ಇಟ್ಟಿಗೆ ಚೆಂದ ಕಾಣುತ್ತದೆ. ಅದು ಒಳಗೋಡೆಯದಾಗಿದ್ದರೆ ಎರಡೇ ಚಳಿಗಾಲಕ್ಕೆ ಉದುರುತ್ತದೆ. ನೆಲಕ್ಕೆಂದೇ ಸುಟ್ಟ, "ಎಸ್‌ಎಕ್ಸ್" ದರ್ಜೆಯ (ನೆನೆದು ಹೆಪ್ಪುಗಟ್ಟಿದರೂ ತಡೆಯುವ) ಇಟ್ಟಿಗೆ ಕೇಳಿ. ದಮ್ಮಸ್ಸು ಮಾಡಿದ ಜಲ್ಲಿಯ ಮೇಲೆ ಹಾಸುವ ಕಾಂಕ್ರೀಟ್ ಪೇವರ್ ಕೂಡ ಒಳ್ಳೆಯದೇ. ನೆಲ ಎದ್ದರೆ ಆ ಭಾಗವನ್ನು ಕಿತ್ತು ಮತ್ತೆ ಕೂರಿಸಬಹುದು.

ಹೆಜ್ಜೆ 4: ಕೊಳ್ಳುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ

ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ನಮ್ಮ ಮೊದಲ ಜಗಲಿಯ ದುಡ್ಡು ಉಳಿಯುತ್ತಿತ್ತು. ಮಾದರಿ ತುಂಡೊಂದನ್ನು ತನ್ನಿ. ಓವನ್ನಿನಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಒಣಗಿಸಿ, ಆರಿದ ಮೇಲೆ ಗ್ರಾಂ ಲೆಕ್ಕದಲ್ಲಿ ತೂಗಿ. ಬಕೆಟಿನಲ್ಲಿ 24 ಗಂಟೆ ಮುಳುಗಿಸಿಡಿ. ತೆಗೆದು ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೀರುವಿಕೆ ಸಿಗುತ್ತದೆ.

ನಮ್ಮ ಜಗಲಿಯ ಉಳಿದ ಕೆಂಪು ಟೈಲು 842 ಗ್ರಾಂ ಇದ್ದದ್ದು ನೆನೆದ ಮೇಲೆ 931 ಆಯಿತು, ಅಂದರೆ ಶೇ. 10.6. ಪಕ್ಕದಲ್ಲೇ ನೆನೆಸಿದ್ದ ಪೋರ್ಸಲಿನ್ ತುಂಡು 1,264ರಿಂದ 1,267ಕ್ಕೆ ಬಂತು, ಶೇ. 0.24. ತಕ್ಕಡಿಯ ಮುಂದೆ ನಿಂತು ಆ ಎರಡು ಸಂಖ್ಯೆ ನೋಡಿದ ಮೇಲೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇನ್ನೂ ಬಲವಂತವಾಗಿ ನೀರು ತುಂಬಿಸುವುದರಿಂದ ಮನೆಯಲ್ಲಿ ಬರುವ ಸಂಖ್ಯೆ ತುಸು ಕಡಿಮೆಯೇ ಇರುತ್ತದೆ. ಟೈಲು ಮನೆಯಲ್ಲೇ ಶೇ. 1 ದಾಟಿದರೆ ವಾಪಸ್ ಕೊಟ್ಟುಬಿಡಿ. ಇಟ್ಟಿಗೆ, ಕಾಂಕ್ರೀಟ್ ಪೇವರ್‌ಗಳಿಗೆ ಈ ಗೆರೆ ಅನ್ವಯಿಸುವುದಿಲ್ಲ, ಅವು ಇದಕ್ಕಿಂತ ಹೆಚ್ಚು ಹೀರಿಯೂ ತಡೆಯುವಂತೆ ತಯಾರಾಗಿರುತ್ತವೆ, ಅಲ್ಲಿ ದರ್ಜೆಯ ಪ್ರಮಾಣಪತ್ರ ನೋಡಿ.

ಹೆಜ್ಜೆ 5: ಕಾಲಿಟ್ಟು ನೋಡಿ

ಮಾದರಿ ತುಂಡಿನ ಮೇಲೆ ನೀರು ಹಾಕಿ, ಚಳಿಗಾಲದ ಬೂಟು ಹಾಕಿಕೊಂಡು ಉಜ್ಜಿ ನೋಡಿ. ಹೊರಾಂಗಣದ ತೇವದ ನೆಲಕ್ಕೆ ಟೈಲಿನ ಡಬ್ಬದ ಮೇಲೆ ಡಿಸಿಒಎಫ್ ಸಂಖ್ಯೆ (ಒದ್ದೆ ನೆಲ ಕಾಲಿಗೆ ಕೊಡುವ ಹಿಡಿತದ ಅಳತೆ) 0.55 ಅಥವಾ ಹೆಚ್ಚು ಇರಬೇಕು. ಮನೆಯೊಳಗಿನ 0.42 ಇಲ್ಲಿ ಸಾಲದು. ಐಸ್ ದಪ್ಪಗೆ ಕಟ್ಟಿದ ಮೇಲೆ ಯಾವ ಒರಟೂ ಉಪಯೋಗಕ್ಕೆ ಬರುವುದಿಲ್ಲ, ಕೈಹಿಡಿ ಕಂಬಿ ಇರಲೇಬೇಕು.

ಅಮ್ಮ ಮೊದಲ ಸಲ ಸಂಕ್ರಾಂತಿಗೆ ಬಂದಿದ್ದಾಗ ಅಭ್ಯಾಸದಂತೆ ಬೆಳಿಗ್ಗೆ ಎದ್ದು ಹೊಸ್ತಿಲ ಮುಂದೆ ನೀರು ಚಿಮುಕಿಸಿದರು. ರಂಗೋಲಿ ಬಟ್ಟಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆ ಹನಿಗಳೆಲ್ಲ ಗಾಜಿನ ಮಣಿಗಳಾಗಿದ್ದವು. ಮಗಳು ಓಡಿಬಂದು ಅಜ್ಜಿಯ ಕೈ ಹಿಡಿದುಕೊಂಡಳು. ಆಗಿನಿಂದ ಚಳಿಗಾಲದಲ್ಲಿ ಒಂದು ಒರಟು ಗ್ರಾನೈಟು ತುಂಡನ್ನು ಒಳಗೇ ಒರೆಸಿ, ರಂಗೋಲಿ ಹಾಕಿ, ಬಾಗಿಲ ಪಕ್ಕಕ್ಕೆ ಒರಗಿಸದೆ ಮಟ್ಟವಾಗಿ ಇಡುತ್ತೇವೆ. ಹಿರಿಯರು ಬಂದಿರುವ ಮನೆಯವರು ದಯವಿಟ್ಟು ಇದನ್ನು ಮೊದಲೇ ಹೇಳಿಡಿ.

ಹೆಜ್ಜೆ 6: ಉಪ್ಪನ್ನು ತಿಳಿದು ಹಾಕಿ

ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ಬೇಡ, ಮರಳು ಎರಚಿ. ಮಾಮೂಲಿ ಕಲ್ಲುಪ್ಪು ಮೈನಸ್ 9 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ಚೆನ್ನಾಗಿ ಕರಗಿಸುತ್ತದೆ. ಅದಕ್ಕಿಂತ ಕೆಳಗೆ ಹಿಡಿಗಟ್ಟಲೆ ಸುರಿದರೂ ವ್ಯರ್ಥ. ಕ್ಯಾಲ್ಸಿಯಂ ಕ್ಲೋರೈಡ್ ಮೈನಸ್ 25ರ ಹತ್ತಿರದವರೆಗೂ ಕೆಲಸ ಮಾಡುತ್ತದೆ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಇರುವ ಗೊಬ್ಬರವನ್ನು ಐಸ್ ಕರಗಿಸಲು ಹಾಕುವವರಿದ್ದಾರೆ. ಇವೆರಡೂ ಕಾಂಕ್ರೀಟನ್ನೇ ತಿನ್ನುತ್ತವೆ, ಮನೆ ಹತ್ತಿರ ತರಬೇಡಿ. ಕಾಂಕ್ರೀಟು ಚೆನ್ನಾಗಿ ಒಣಗಿದ ಮೇಲೆ ಒಳಗಿಳಿಯುವ ಸಿಲೇನ್ ಜಾತಿಯ ಸೀಲರ್ ಬಳಿದರೆ ಉಪ್ಪುನೀರು ಇಳಿಯುವುದು ಕಡಿಮೆಯಾಗುತ್ತದೆ. ಮೇಲೆ ಹೊಳಪಿನ ಪದರ ಕಟ್ಟುವ ಸೀಲರ್ ಜಾರುತ್ತದೆ, ಅದು ಬೇಡ. ಕಾಂಪೊಸಿಟ್ ಹಲಗೆಯ ಹಿಮವನ್ನು ಪ್ಲಾಸ್ಟಿಕ್ ಸಲಿಕೆಯಲ್ಲಿ ಹಲಗೆಯ ಉದ್ದಕ್ಕೇ ತಳ್ಳಿ. ರಬ್ಬರ್ ತಳದ ಕಾಲೊರಸನ್ನು ಅದರ ಮೇಲೆ ಇಡೀ ಚಳಿಗಾಲ ಬಿಡಬೇಡಿ, ಅಡಿಯಲ್ಲಿ ತೇವ ನಿಂತು ಬಣ್ಣ ಕೆಡಬಹುದು.

ಹೆಜ್ಜೆ 7: ಮೊದಲ ವಸಂತದ ತಪಾಸಣೆ

ಹಿಮ ಪೂರ್ತಿ ಕರಗಿದ ಮೊದಲ ಒಣ ದಿನ ನೀರು ಸುರಿದು ಜಗಲಿ ತೊಳೆಯಿರಿ, ಉಳಿದ ಉಪ್ಪೆಲ್ಲ ಹೋಗಲಿ. ಒಣಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದು ಕಲ್ಲು, ಒಂದೊಂದು ಟೈಲನ್ನೂ ತಟ್ಟುತ್ತಾ ಹೋಗಿ. ಗಟ್ಟಿಯಾಗಿ ಕೂತದ್ದು ಚಿಕ್ಕದಾಗಿ, ಬಿಗಿಯಾಗಿ ಸದ್ದು ಮಾಡುತ್ತದೆ; ಅಡಿಯಲ್ಲಿ ಬಿಟ್ಟುಕೊಂಡದ್ದು ಖಾಲಿ ಮಡಕೆಯ ಹಾಗೆ ಕೇಳುತ್ತದೆ. ಮರವಾದರೆ ಹಲಗೆಯ ತುದಿಗಳನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ ನೋಡಿ, ಮೆತ್ತಗಿದ್ದಲ್ಲಿ ಗುರುತು ಹಾಕಿ. ಗೋಡೆಗೂ ಜಗಲಿಗೂ ನಡುವಿನ ಸಂದಿನ ಸೀಲಂಟ್ ಬಾಯಿಬಿಟ್ಟಿದ್ದರೆ ಕಿತ್ತು ಹೊಸದು ತುಂಬಿ. ರಸಮಟ್ಟ ಇಟ್ಟು ವಾಟವನ್ನು ಮತ್ತೆ ಅಳೆದು ಹಿಂದಿನ ವರ್ಷದ ಅಳತೆಯ ಪಕ್ಕದಲ್ಲೇ ಬರೆದಿಡಿ. ಗುರುತು ಮಾಡಿದ ರಿಪೇರಿಗಳನ್ನು ಜೂನ್, ಜುಲೈ ಒಳಗೆ ಮುಗಿಸಿದರೆ ಹೊಸ ಗಾರೆ, ಹೊಸ ಬಣ್ಣ ಮೊದಲ ಹೆಪ್ಪಿಗೆ ಮುಂಚೆ ಚೆನ್ನಾಗಿ ಒಣಗುತ್ತದೆ.